ತಂದೆಯ ಉದ್ಯೋಗ: ಕ್ಷೌರಿಕ

ಈ ವಾರ ಒಂದು ಸಣ್ಣ ಲೆಕ್ಕ ಮಾಡೋಣ. ಮನುಷ್ಯನ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿರುತ್ತವೆ. ಒಂದೊಂದು ಕೂದಲೂ ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್ ಬೆಳೆಯುತ್ತದೆ. ಈ ಬೆಳವಣಿಗೆಯನ್ನೆಲ್ಲ ತುದಿಗೆ ತುದಿ ಸೇರಿಸಿದರೆ ಎಷ್ಟಾಯಿತು? 1 ಲಕ್ಷ ಸೆಂಟಿಮೀಟರ್, ಅಂದರೆ 1 ಕಿಲೋಮೀಟರ್! ಮಳೆ ಜಾಸ್ತಿಯಾದರೆ ಅಡಿಕೆಗೆ ಕೊಳೆರೋಗ ಬರುತ್ತದೆ, ಧಾರಣೆ ಇಳಿದರೆ ರಬ್ಬರು ಬೆಳೆದವರು ಕಂಗಾಲಾಗುತ್ತಾರೆ. ಈ ಬೆಳೆಗೆ ಮಾತ್ರ ಬರಗಾಲವಿಲ್ಲ. (ಬೋಳುತಲೆಯ ಓದುಗರು ಕ್ಷಮಿಸಬೇಕು.) ಒಂದು ಕತ್ತರಿ, ಒಂದು ಬಾಚಣಿಗೆ ಹಿಡಿದು, ಇದೇ ಬೆಳೆಯನ್ನು ನಂಬಿ ಊರು ಬಿಟ್ಟವರ ಬಗ್ಗೆ ಇಂದು ಬರೆಯಬೇಕೆಂದಿದ್ದೇನೆ.

ನಮ್ಮ ಬೆಟ್ಟಂಪಾಡಿ, ಪಾಣಾಜೆ, ಪುತ್ತೂರು ಕಡೆಯ ಹಿರಿಯರಿಗೆ ಸೆಲೂನಿನ ತಿರುಗುವ ಕುರ್ಚಿಯ ಪರಿಚಯವಾದದ್ದು ತಡವಾಗಿ. ಮೊದಲು ಭಂಡಾರಿಗಳೇ ಮನೆಗೆ ಬರುತ್ತಿದ್ದರು. ಅಂಗಳದ ಬದಿಯಲ್ಲಿ ಮಣೆ ಹಾಕಿದರೆ ಅಜ್ಜನಿಂದ ಹಿಡಿದು ಮೊಮ್ಮಗನವರೆಗೆ ಸಾಲಾಗಿ ಎಲ್ಲರ ಕೂದಲು ತೆಗೆದು ಮುಗಿಸುತ್ತಿದ್ದರು. ಸಂಬಳವೆಂದರೆ ಕೊಯ್ಲಿನ ಕಾಲಕ್ಕೆ ಭತ್ತ, ಜೊತೆಗೆ ನಾಲ್ಕು ತೆಂಗಿನಕಾಯಿ. ಕನ್ನಡದಲ್ಲಿ ಕ್ಷೌರಿಕನಿಗೆ 'ಕೆಲಸಿ' ಎಂಬ ಹೆಸರೂ ಉಂಟು. ಕೆಲಸ ಮಾಡುವವನು ಎಂದೇ ಅದರ ಅರ್ಥ. ಮಗು ಹುಟ್ಟಿದರೂ, ಮದುವೆಯಾದರೂ, ಮನೆಯಲ್ಲಿ ಸಾವು ಸಂಭವಿಸಿದರೂ ಅವರಿಲ್ಲದೆ ಕಾರ್ಯ ಮುಗಿಯುತ್ತಿರಲಿಲ್ಲ. ಹಾಗಿದ್ದೂ, ಬೆಳಗ್ಗೆ ಎದುರಿಗೆ ಬಂದರೆ ಅಪಶಕುನ ಎನ್ನುವವರಿದ್ದರು! ಕೆಲಸ ಬೇಕು, ಕೆಲಸದವನು ಬೇಡ ಎಂದರೆ ಇದು ಯಾವ ನ್ಯಾಯ?

ಈ ಪ್ರಶ್ನೆಗೆ ಊರಿನಲ್ಲಿ ಉತ್ತರ ಸಿಗದೆ ಅನೇಕರು ಬೊಂಬಾಯಿಯ ದಾರಿ ಹಿಡಿದರು. ತುಳುನಾಡಿನ ಹುಡುಗರು ಹೋಟೆಲುಗಳಿಗೆ ಹೋದ ಕಥೆ ನಿಮಗೆ ಗೊತ್ತಿದೆ. ಅದೇ ದಾರಿಯಲ್ಲಿ ಭಂಡಾರಿ ಕುಟುಂಬಗಳ ಹುಡುಗರು ಅಲ್ಲಿನ ಸೆಲೂನುಗಳನ್ನು ಸೇರಿದರು. ಅಲ್ಲಿ ಭತ್ತದ ಲೆಕ್ಕವಿಲ್ಲ, ಕೈಗೆ ನಗದು. ಬೆಳಗ್ಗೆ ಎದುರಾದರೆ ಮುಖ ತಿರುಗಿಸುವವರೂ ಕಡಿಮೆ. ತಿಂಗಳ ಮೊದಲ ವಾರದಲ್ಲಿ ಊರಿನ ಅಂಚೆಯಣ್ಣ ತಂದುಕೊಡುತ್ತಿದ್ದ ಮನಿಯಾರ್ಡರಿನಲ್ಲಿ ತಂಗಿಯ ಮದುವೆ, ತಮ್ಮನ ಶಾಲೆ, ಮನೆಯ ಹಂಚು ಎಲ್ಲವೂ ನಡೆಯಬೇಕಿತ್ತು. ಕಾರ್ಕಳದ ಕಡೆಯಿಂದ ಹೋಗಿ ಮುಂಬಯಿಯಲ್ಲಿ 'ಶಿವಾಸ್' ಎಂಬ ಸೆಲೂನುಗಳ ಸರಣಿಯನ್ನೇ ಕಟ್ಟಿದ ಶಿವರಾಮ ಭಂಡಾರಿಯವರ ಜೀವನ ಪುಸ್ತಕವಾಗಿಯೂ ಬಂದಿದೆ. ಆದರೆ ಪುಸ್ತಕವಾಗದ ಜೀವನಗಳೇ ಹೆಚ್ಚು. ದೂರ ಹೋದವರು ಒಬ್ಬರನ್ನೊಬ್ಬರು ಮರೆಯಲಿಲ್ಲ. ಮುಂಬಯಿಯಲ್ಲಿ ಭಂಡಾರಿ ಸೇವಾ ಸಮಿತಿ ಕಟ್ಟಿಕೊಂಡರು. ಬಾರಕೂರಿನ ಕಚ್ಚೂರು ನಾಗೇಶ್ವರ ದೇವಸ್ಥಾನದ ನಂಟನ್ನೂ ಉಳಿಸಿಕೊಂಡರು.

ಈಗ ಗಾಳಿ ತಿರುಗಿದೆ. ನಮ್ಮ ಹುಡುಗರು ಹೊರಗೆ ಹೋದ ಜಾಗಕ್ಕೆ ಉತ್ತರಪ್ರದೇಶ, ಬಿಹಾರಗಳ ಹುಡುಗರು ಬಂದಿದ್ದಾರೆ. ಪುತ್ತೂರಿನ ಸುತ್ತಮುತ್ತ ಸೆಲೂನಿಗೆ ಹೋದರೆ ನಿಮ್ಮ ತಲೆಗೆ ನೀರು ಚಿಮುಕಿಸುವ ಕೈ ಗಂಗಾನದಿಯ ಕಡೆಯದ್ದಾಗಿರಬಹುದು. ನನಗೆ ಪರಿಚಯವಿರುವ ಅಂಥ ಒಬ್ಬ ಯುವಕ ಬಂದ ಹೊಸತರಲ್ಲಿ ಬೆರಳು ತೋರಿಸಿ ವ್ಯವಹಾರ ಮಾಡುತ್ತಿದ್ದ. ಈಗ ಹಿರಿಯರು ಒಳಗೆ ಬಂದರೆ "ಎಂಚ ಉಲ್ಲರ್?" ಎಂದು ತುಳುವಿನಲ್ಲೇ ಕ್ಷೇಮ ವಿಚಾರಿಸುತ್ತಾನೆ. ದುಡಿದದ್ದರಲ್ಲಿ ಹೆಚ್ಚಿನ ಪಾಲು ಊರಿಗೆ ಹೋಗುತ್ತದೆ. ಮನಿಯಾರ್ಡರಿನ ಬದಲು ಮೊಬೈಲು ಬಂದಿದೆ, ಅಷ್ಟೇ. ಹಾಸಿಗೆ ಹಿಡಿದ ಒಬ್ಬಿಬ್ಬರು ವೃದ್ಧರ ಮನೆಗೆ ಬೆಳಗ್ಗೆ ಅಂಗಡಿ ತೆರೆಯುವ ಮೊದಲೇ ಹೋಗಿ ಗಡ್ಡ ತೆಗೆದು ಬರುತ್ತಾನೆ. ಅದಕ್ಕೆ ಹಣ ಕೇಳುವುದಿಲ್ಲ.

ಇಂಥವರ ಬದುಕು ಎಷ್ಟು ತೆಳುವಾದ ದಾರದಲ್ಲಿ ನೇತಾಡುತ್ತದೆ ಎಂಬುದು 2020ರ ಲಾಕ್‌ಡೌನಿನಲ್ಲಿ ಗೊತ್ತಾಯಿತು. ಆ ಮೇ 6ರಂದು ನಮ್ಮ ರಾಜ್ಯ ಸರಕಾರ ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿ ಪರಿಹಾರ ಪ್ರಕಟಿಸಿತು. ವಾರಗಟ್ಟಲೆ ಬಾಗಿಲು ಮುಚ್ಚಿದ ಅಂಗಡಿಯ ಬಾಡಿಗೆ, ತನ್ನ ಊಟ, ಊರಿನಲ್ಲಿ ಕಾಯುತ್ತಿರುವ ತಾಯಿಯ ಔಷಧ ಇವನ್ನೆಲ್ಲ ಈ ಮೊತ್ತದಲ್ಲಿ ಹಂಚಿ ನೋಡಿ. ಮನೆಯಲ್ಲಿ ತಂದೆತಾಯಿಯರೊಂದಿಗೆ ಕುಳಿತು ಮಾಡಬೇಕಾದ ಲೆಕ್ಕವಿದು.

ಇನ್ನು ವಿಜ್ಞಾನಕ್ಕೆ ಬರೋಣ. ರಕ್ತದಿಂದ ಹರಡುವ ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಜೀವ ಹಿಡಿದಿರಬಲ್ಲದು. ಕಣ್ಣಿಗೆ ಕಾಣದಷ್ಟು ರಕ್ತ ಅಂಟಿದ ಹಳೆಯ ಬ್ಲೇಡು ಇನ್ನೊಬ್ಬನ ಕೆನ್ನೆಗೆ ತಾಗಿದರೂ ಅಪಾಯವೇ. ಹಾಗಾದರೆ ಪ್ರತಿಯೊಬ್ಬರಿಗೂ ಹೊಸ ಬ್ಲೇಡು ಹಾಕುವ, ಬಾಚಣಿಗೆ ತೊಳೆಯುವ, ಬಟ್ಟೆ ಬದಲಿಸುವ ಕ್ಷೌರಿಕ ಮಾಡುತ್ತಿರುವುದೇನು? ಊರಿನ ಆರೋಗ್ಯವನ್ನು ಕಾಯುತ್ತಿದ್ದಾನೆ. ಸಮಾಜಸೇವೆಯೆಂದರೆ ವೇದಿಕೆ, ಹಾರ, ಶಾಲು ಎಂದೇ ತಿಳಿದಿದ್ದೇವೆ. ಮುರಿದು ಡಬ್ಬಿಗೆ ಹಾಕಿದ ಬ್ಲೇಡಿನ ತುಂಡಿನಲ್ಲೂ ಅದು ಇರುತ್ತದೆ.

ಈ ಕೈಯನ್ನು ಕೀಳೆಂದು ತಿಳಿದವರು ವೈದ್ಯಶಾಸ್ತ್ರದ ಚರಿತ್ರೆಯನ್ನೂ ಓದಬೇಕು. ಯುರೋಪಿನಲ್ಲಿ ಶತಮಾನಗಳ ಕಾಲ ಗಾಯಕ್ಕೆ ಹೊಲಿಗೆ ಹಾಕಿದವರು, ಹಲ್ಲು ಕಿತ್ತವರು ಕ್ಷೌರಿಕರೇ. 16ನೇ ಶತಮಾನದ ಫ್ರಾನ್ಸಿನಲ್ಲಿ ಶಸ್ತ್ರಚಿಕಿತ್ಸೆಗೆ ಹೊಸ ದಾರಿ ತೋರಿಸಿದ ಆಂಬ್ರವಾಸ್ ಪಾರೆ ಕಲಿತದ್ದು ಕ್ಷೌರಿಕ ವೃತ್ತಿಯಿಂದ. ಲಂಡನಿನಲ್ಲಿ ಕ್ಷೌರಿಕರಿಗೂ ಶಸ್ತ್ರವೈದ್ಯರಿಗೂ 1540ರಿಂದ 1745ರವರೆಗೆ ಒಂದೇ ಸಂಘ. ಇಂಗ್ಲೆಂಡಿನ ಶಸ್ತ್ರವೈದ್ಯರು ಇಂದಿಗೂ 'ಡಾಕ್ಟರ್' ಬದಲು 'ಮಿಸ್ಟರ್' ಎಂದು ಕರೆಸಿಕೊಳ್ಳುವುದು ಆ ಕಾಲದ ನೆನಪು. ನಮ್ಮ ದೇಶದ್ದೇ ಉದಾಹರಣೆ ಬೇಕೆ? ಬಿಹಾರದ ಕ್ಷೌರಿಕ ಸಮುದಾಯದ ಬಡ ಕುಟುಂಬದಲ್ಲಿ ಹುಟ್ಟಿದ ಕರ್ಪೂರಿ ಠಾಕೂರರು ಎರಡು ಬಾರಿ ಆ ರಾಜ್ಯದ ಮುಖ್ಯಮಂತ್ರಿಯಾದರು. 2024ರಲ್ಲಿ ಅವರಿಗೆ ಮರಣೋತ್ತರವಾಗಿ ಭಾರತರತ್ನ ಸಂದಿತು.

ಇಷ್ಟೆಲ್ಲ ಹೇಳಲು ಕಾರಣವಿದೆ. ಇಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲ ಶಾಲೆಯ ಅರ್ಜಿಗಳನ್ನು ನೋಡುತ್ತಾ ಬಂದವನು ನಾನು. 'ತಂದೆಯ ಉದ್ಯೋಗ' ಎಂಬ ಸಾಲಿನಲ್ಲಿ 'ಕೃಷಿ', 'ಶಿಕ್ಷಕ' ಎಂದು ಮಕ್ಕಳು ಅಕ್ಷರ ಗುಂಡಗೆ ಬರೆಯುತ್ತಾರೆ. ಕ್ಷೌರಿಕರ ಮಕ್ಕಳ ಪೆನ್ನು ಅಲ್ಲಿ ಒಮ್ಮೆ ನಿಲ್ಲುತ್ತದೆ. ಆಮೇಲೆ 'ವ್ಯಾಪಾರ' ಎಂದೋ 'ಸ್ವಂತ ಉದ್ಯೋಗ' ಎಂದೋ ಬರೆದುಬಿಡುತ್ತಾರೆ. ಅಪ್ಪನ ಮೇಲೆ ಪ್ರೀತಿ ಇಲ್ಲವೆಂದಲ್ಲ, ಪಕ್ಕದ ಬೆಂಚಿನವರು ನಕ್ಕಾರೆಂಬ ಭಯ. ಆ ನಗು ಶಾಲೆಯಲ್ಲಿ ಹುಟ್ಟಿದ್ದಲ್ಲ. ಯಾರೋ ಮೋಸ ಮಾಡಿದರೆ 'ತಲೆ ಬೋಳಿಸಿದ' ಎನ್ನುವವರು ನಾವು. ಸಿಟ್ಟು ಬಂದಾಗ ಒಂದು ವೃತ್ತಿಯ ಹೆಸರನ್ನೇ ಬೈಗುಳವಾಗಿ ಬಳಸುವವರೂ ನಾವು. ಊಟದ ಹೊತ್ತಿನಲ್ಲಿ ನಮ್ಮ ಬಾಯಿಂದ ಬಿದ್ದದ್ದನ್ನು ಮಕ್ಕಳು ಮರುದಿನ ತರಗತಿಗೆ ತರುತ್ತಾರೆ.

ಆದ್ದರಿಂದ ಹೆತ್ತವರಲ್ಲಿ ಒಂದು ವಿನಂತಿ. ಮುಂದಿನ ಸಲ ಮಗನನ್ನು ಸೆಲೂನಿಗೆ ಕರೆದುಕೊಂಡು ಹೋದಾಗ ಅಲ್ಲಿ ಕೆಲಸ ಮಾಡುವವರ ಹೆಸರು ಕೇಳಿ, ಊರು ಕೇಳಿ, ಮನೆಯಲ್ಲಿ ಯಾರಿದ್ದಾರೆಂದು ವಿಚಾರಿಸಿ. ಮಗ ಕೇಳಿಸಿಕೊಳ್ಳಲಿ. ವಿದ್ಯಾರ್ಥಿಗಳೇ, ನಿಮ್ಮ ಗೆಳೆಯ ಆ ಸಾಲಿನ ಮುಂದೆ ಪೆನ್ನು ಹಿಡಿದು ತಡವರಿಸುವುದನ್ನು ಕಂಡರೆ ನಗಬೇಡಿ. 'ಕ್ಷೌರಿಕ' ಎಂಬ ಪದದಲ್ಲಿ 'ಕ್ಷ'ಕ್ಕೆ ಔತ್ವ ಕೊಡಬೇಕು ಎಂದಷ್ಟೇ ಹೇಳಿಕೊಡಿ.