ಮನೆಯೊಳಗಿನ ವಿಷ: ಛಿಂದ್ವಾಡದ ದುರಂತ ಕಲಿಸಿದ ಪಾಠ

ಸೀತಾಬರ್ಡಿ (ನಾಗಪುರ): ಸೀತಾಬರ್ಡಿ ಪೇಟೆಗೆ ತಾಗಿಕೊಂಡೇ ಇರುವ ಧಂತೋಲಿ, ರಾಮದಾಸ್‌ಪೇಟ್ ಬಡಾವಣೆಗಳಲ್ಲಿ ಆಸ್ಪತ್ರೆಗಳು ಸಾಲುಸಾಲಾಗಿವೆ. ವಿದರ್ಭದವರಿಗೆ ಮಾತ್ರವಲ್ಲ, ನೆರೆಯ ಮಧ್ಯಪ್ರದೇಶದ ರೋಗಿಗಳಿಗೂ ನಾಗಪುರವೇ ಆಸರೆ. 2025ರ ಸೆಪ್ಟೆಂಬರ್-ಅಕ್ಟೋಬರ್ ತಿಂಗಳಲ್ಲಿ ಛಿಂದ್ವಾಡ ಜಿಲ್ಲೆಯ ಪರಾಸಿಯಾ ಭಾಗದ ಹೆತ್ತವರು ತಮ್ಮ ಪುಟ್ಟ ಮಕ್ಕಳನ್ನು ಎತ್ತಿಕೊಂಡು ಧಾವಿಸಿದ್ದು ಇದೇ ನಗರಕ್ಕೆ. ನೆಗಡಿ, ಜ್ವರ, ಕೆಮ್ಮು ಎಂದು ಆರಂಭವಾದದ್ದು ಕೆಲವೇ ದಿನಗಳಲ್ಲಿ ಮೂತ್ರ ನಿಂತು, ಮೂತ್ರಪಿಂಡಗಳು ಕೈಕೊಡುವವರೆಗೆ ಹೋಯಿತು. ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಅಸುನೀಗಿದರು. ಅವರಲ್ಲಿ ಹೆಚ್ಚಿನವರು ಐದು ವರ್ಷದೊಳಗಿನವರು.

ಕಾರಣ, ತಾಯಂದಿರೇ ಚಮಚದಲ್ಲಿ ಕುಡಿಸಿದ ಕೆಮ್ಮಿನ ಔಷಧಿ. ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯ ಸ್ರೇಸನ್ ಫಾರ್ಮಾದಲ್ಲಿ ತಯಾರಾದ ‘ಕೋಲ್ಡ್ರಿಫ್’ ಸಿರಪ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ಕೈಗಾರಿಕಾ ರಾಸಾಯನಿಕ ಶೇ. 48.6ರಷ್ಟಿತ್ತೆಂದು ತಮಿಳುನಾಡು ಔಷಧ ನಿಯಂತ್ರಣ ಇಲಾಖೆಯ ಪರೀಕ್ಷೆಯಲ್ಲಿ ಬಯಲಾಯಿತು. ಇದಕ್ಕೆ ಬಣ್ಣವಿಲ್ಲ, ರುಚಿ ಸಿಹಿ. ಆದ್ದರಿಂದ ಮಗು ಉಗುಳುವುದಿಲ್ಲ, ತಾಯಿಗೆ ಸಂಶಯ ಬರುವುದಿಲ್ಲ.

ಇದು ಮೊದಲನೆಯದೂ ಅಲ್ಲ. 1986ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಇದೇ ರಾಸಾಯನಿಕ ಬೆರೆತ ಗ್ಲಿಸರಿನ್ ಸೇವಿಸಿ 14 ರೋಗಿಗಳು ಮೃತಪಟ್ಟದ್ದು, ನ್ಯಾಯಮೂರ್ತಿ ಲೆಂಟಿನ್ ಆಯೋಗದ ವಿಚಾರಣೆ ನಡೆದದ್ದು ಹಿರಿಯ ಮುಂಬಯಿ ಕನ್ನಡಿಗರಿಗೆ ನೆನಪಿದ್ದೀತು. 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳ ಸಾವಿಗೆ ಭಾರತದಲ್ಲಿ ತಯಾರಾದ ಸಿರಪ್‌ಗಳೇ ಕಾರಣವೆಂಬ ಆರೋಪ ಬಂತು. ಆ ಬಳಿಕ 2023ರ ಜೂನ್ 1ರಿಂದ ರಫ್ತಾಗುವ ಕೆಮ್ಮಿನ ಸಿರಪ್‌ಗೆ ಸರಕಾರ ಗೊತ್ತುಪಡಿಸಿದ ಪ್ರಯೋಗಾಲಯದ ಪರೀಕ್ಷೆ ಕಡ್ಡಾಯವಾಯಿತು. ಆದರೆ ದೇಶದೊಳಗೆ ಮಾರಾಟವಾಗುವ ಸಿರಪ್‌ಗೆ ಆಗ ಅದೇ ಕಟ್ಟಳೆ ಬರಲಿಲ್ಲ. ಹೊರದೇಶದ ಮಗುವಿಗೆ ಒಂದು ಜರಡಿ, ಪರಾಸಿಯಾದ ಮಗುವಿಗೆ ಇನ್ನೊಂದು ಎಂಬಂತಾದದ್ದು ವಿಷಾದನೀಯ.

ಸೀಸೆಯೊಳಗೇನಿದೆ ಎಂದು ಪರೀಕ್ಷಿಸಲು ಯಾವ ಗೃಹಿಣಿಗೂ ಸಾಧ್ಯವಿಲ್ಲ. ಅದು ತಯಾರಕರ ಮತ್ತು ಸರಕಾರದ ಹೊಣೆ. ಆದರೆ ಸೀಸೆ ಮನೆಗೆ ಬರಬೇಕೇ ಎಂಬುದನ್ನು ಮನೆಯವರು ಕೇಳಬಹುದು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಔಷಧಿ ಕೊಡಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2025ರ ಅಕ್ಟೋಬರ್‌ನಲ್ಲಿ ಸೂಚಿಸಿತು. ಮಕ್ಕಳ ಕೆಮ್ಮು ಬಹುತೇಕ ತಾನಾಗಿಯೇ ವಾಸಿಯಾಗುತ್ತದೆ. ಅಂಗಡಿಯವನನ್ನು ಕೇಳಿ ತಂದದ್ದು, ಅಣ್ಣನಿಗೆ ಬರೆದುಕೊಟ್ಟು ಉಳಿದದ್ದು ತಮ್ಮನಿಗೆ ಬೇಡ. ಔಷಧಿ ಕುಡಿದ ಮಗುವಿಗೆ ಮೂತ್ರ ಕಡಿಮೆಯಾದರೆ, ವಾಂತಿ, ಮಂಪರು ಕಂಡರೆ ತಡಮಾಡದೆ ಸೀಸೆಯ ಸಮೇತ ಆಸ್ಪತ್ರೆಗೆ ಒಯ್ಯಬೇಕು.

ಔಷಧಿಯಲ್ಲದೆ ಮನೆಯಲ್ಲಿ ಬೇರೆ ವಿಷಗಳೂ ಇವೆ. ಅಲ್ಲಿ ಮನೆಯವರೇ ಇನ್‌ಸ್ಪೆಕ್ಟರ್. ಬಾಗಿಲಿಗೆ ಬರುವ ಫಿನಾಯಿಲ್, ಆಸಿಡ್‌ಗಳನ್ನು ತಂಪುಪಾನೀಯದ ಹಳೆಯ ಬಾಟಲಿಗೆ ತುಂಬಿಸಿಕೊಳ್ಳುವ ರೂಢಿ ಎಲ್ಲೆಡೆ ಇದೆ. ನಾಗಪುರದ ಮೇ ತಿಂಗಳ 45 ಡಿಗ್ರಿ ಬಿಸಿಲಿನಲ್ಲಿ ಆಡಿ ಬಂದ ಮಗು ಬಾಟಲಿ ಕಂಡರೆ ಎತ್ತಿ ಕುಡಿಯದೆ ಬಿಡುವುದೇ? ದೇವರ ಕೋಣೆಯ ಕರ್ಪೂರ ಮಗುವಿನ ಕಣ್ಣಿಗೆ ಕಲ್ಲುಸಕ್ಕರೆ. ಅದು ಸ್ವಲ್ಪ ಹೊಟ್ಟೆಗೆ ಹೋದರೂ ಫಿಟ್ಸ್ ಬರುತ್ತದೆ. ಕಪಾಟಿನ ನುಸಿಗುಳಿಗೆ ಪೆಪ್ಪರಮೆಂಟಿನಂತೆ ಕಾಣುತ್ತದೆ. ಹಬ್ಬದ ಮುನ್ನ ಬಚ್ಚಲು ತೊಳೆಯುವಾಗ ಆಸಿಡ್ ಜತೆ ಬ್ಲೀಚಿಂಗ್ ಪೌಡರ್ ಬೆರೆಸಿದರೆ ಏಳುವ ಕ್ಲೋರಿನ್ ಅನಿಲ ದೊಡ್ಡವರ ಉಸಿರನ್ನೇ ಕಟ್ಟಿಸುತ್ತದೆ. ಹಳದಿ ರಂಜಕವಿರುವ ಇಲಿ ಪೇಸ್ಟ್ ಇನ್ನೂ ಅಪಾಯಕಾರಿ: ಮೊದಲೆರಡು ದಿನ ಚೆನ್ನಾಗಿಯೇ ಇದ್ದಂತೆ ಕಂಡು ಬಳಿಕ ಯಕೃತ್ತನ್ನು ಕೆಡಿಸುತ್ತದೆ.

ಪರಊರಿನ ಸಂಸಾರಗಳಲ್ಲಿ ಮತ್ತೊಂದು ಸಂಗತಿಯಿದೆ. ಊರಿನಿಂದ ನಾಲ್ಕು ದಿನಕ್ಕೆಂದು ಬಂದ ಅಜ್ಜ-ಅಜ್ಜಿಯ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳು ಚೀಲದಲ್ಲೋ ದಿಂಬಿನಡಿಯಲ್ಲೋ ಇರುತ್ತವೆ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳಲ್ಲಿ ಒಂದನ್ನು ನುಂಗಿದರೂ ಮೊಮ್ಮಗು ಪ್ರಜ್ಞೆ ತಪ್ಪಬಹುದು. ಬೀಗವಿರುವ ಒಂದು ಪೆಟ್ಟಿಗೆ ಮೇಲಿನ ಕಪಾಟಿನಲ್ಲಿದ್ದರೆ ಈ ಭಯವಿಲ್ಲ.

ಅಚಾತುರ್ಯ ನಡೆದೇ ಹೋದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಕ್ರಮ ಕೂಡದು. ಸೀಮೆಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಆಸಿಡ್ ಗಂಟಲನ್ನು ಎರಡನೇ ಸಲ ಸುಡುತ್ತದೆ. ಬಾಯಿ ಒರೆಸಿ, ಸೀಸೆ ಹಿಡಿದು 108ಕ್ಕೆ ಕರೆ ಮಾಡಬೇಕು. ದಿಲ್ಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117.

ಕನ್ನಡ ಸಂಘಗಳು ರಾಜ್ಯೋತ್ಸವ, ಅರಸಿನ ಕುಂಕುಮ, ಆರೋಗ್ಯ ಶಿಬಿರಗಳನ್ನು ಅದ್ದೂರಿಯಾಗಿ ನಡೆಸುತ್ತಿವೆ. ಅದೇ ವೇದಿಕೆಯಲ್ಲಿ ಹದಿನೈದು ನಿಮಿಷವನ್ನು ಸಮಾಜದ ಯಾರಾದರೂ ವೈದ್ಯರಿಗೆ ಬಿಟ್ಟುಕೊಟ್ಟು ಈ ವಿಷಯವನ್ನು ಕನ್ನಡದಲ್ಲೇ ಹೇಳಿಸಿದರೆ, ಸೀಸೆಯ ಮೇಲಿನ ಇಂಗ್ಲಿಷ್ ಓದಲಾಗದ ಹಿರಿಯರಿಗೂ ತಲುಪುತ್ತದೆ. ಛಿಂದ್ವಾಡದ ತಾಯಂದಿರಿಗೆ ಎಚ್ಚರಿಸುವವರು ಇರಲಿಲ್ಲ. ಸಂಘವಿರುವ ಊರಿನಲ್ಲಿ ಆ ಮಾತು ಬರಬಾರದು.