ಚಾರ್ಜ್ ನಿಲ್ಲುತ್ತಿಲ್ಲವೇ? ಹೊಸ ಫೋನ್ ಕೊಳ್ಳುವ ಮೊದಲು ಬ್ಯಾಟರಿ ನೋಡಿ

‘ಹಳೆಯ ಬ್ಯಾಟರಿಗೆ ಮರುಜೀವ ಬರಬೇಕಾದರೆ ಪೂರ್ತಿ ಸೊನ್ನೆಗೆ ಇಳಿಸಿ, ಆಮೇಲೆ ನೂರರವರೆಗೆ ಚಾರ್ಜ್ ಮಾಡಿ’ ಎಂಬ ಸಲಹೆ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತದೆ. ಇದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಮಾತು. ಇಂದಿನ ಫೋನ್‌ಗಳಲ್ಲಿರುವುದು ಲಿಥಿಯಂ-ಅಯಾನ್ ಬ್ಯಾಟರಿ. ಹೀಗೆ ಮಾಡಿದರೆ ಪರದೆ ಮೇಲೆ ಕಾಣುವ ಶೇಕಡಾ ಲೆಕ್ಕ ಸ್ವಲ್ಪ ಸರಿಹೋಗಬಹುದು, ಅಷ್ಟೆ. ಪದೇ ಪದೇ ಸೊನ್ನೆಗೆ ಇಳಿಸಿದರೆ ಸವೆತ ಹೆಚ್ಚುತ್ತದೆಯೇ ಹೊರತು ಹೋದ ಸಾಮರ್ಥ್ಯ ಮರಳುವುದಿಲ್ಲ.

ಹಾಗಾದರೆ ಬದಲಿಸುವುದು ಯಾವಾಗ? ಕಂಪನಿಗಳು ಸಾಮಾನ್ಯವಾಗಿ ಎಳೆಯುವ ಗೆರೆ ಶೇ 80. ಹೊಸದಿದ್ದಾಗ ಹಿಡಿಯುತ್ತಿದ್ದ ಚಾರ್ಜ್‌ನಲ್ಲಿ ಅದಕ್ಕಿಂತ ಕಡಿಮೆ ಹಿಡಿಯತೊಡಗಿದರೆ ಬ್ಯಾಟರಿ ಹಳತಾಯಿತೆಂದು ಲೆಕ್ಕ. ಐಫೋನ್ 14 ಮತ್ತು ಅದಕ್ಕಿಂತ ಹಳೆಯವು 500 ಸುತ್ತು, ಐಫೋನ್ 15ರಿಂದ ಈಚಿನವು 1000 ಸುತ್ತುಗಳವರೆಗೆ ಈ ಮಟ್ಟ ಉಳಿಸಿಕೊಳ್ಳಬೇಕು ಎನ್ನುತ್ತದೆ ಆ್ಯಪಲ್. ಸುತ್ತು ಎಂದರೆ ಒಂದು ಸಲ ಚಾರ್ಜರ್ ಸಿಕ್ಕಿಸಿದ್ದಲ್ಲ. ಇವತ್ತು ಶೇ 60, ನಾಳೆ ಶೇ 40 ಬಳಸಿದರೆ ಎರಡೂ ಸೇರಿ ಒಂದು ಸುತ್ತು. ಐಫೋನ್‌ನಲ್ಲಿ ಈ ಅಂಕಿ ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲೇ ಸಿಗುತ್ತದೆ. ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಕಾಣುವುದಿಲ್ಲ.

ಅಂಕಿ ಕಾಣದಿದ್ದರೂ ಲಕ್ಷಣ ಕಾಣುತ್ತದೆ. ಶೇ 30 ತೋರಿಸುತ್ತಿದ್ದ ಫೋನ್ ಕ್ಯಾಮೆರಾ ತೆರೆದ ಕೂಡಲೇ ಆಫ್ ಆಗುತ್ತದೆ. ಚಾರ್ಜರ್ ಸಿಕ್ಕಿಸಿದರೆ ಮತ್ತೆ ಶೇ 25 ಎನ್ನುತ್ತದೆ. ಬ್ಯಾಟರಿ ಹಳತಾದಂತೆ ಅದರ ಒಳರೋಧ ಏರುತ್ತದೆ. ಕ್ಯಾಮೆರಾ, ಗೇಮ್, ವಿಡಿಯೊ ಕರೆ ಒಮ್ಮೆಲೇ ಹೆಚ್ಚು ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ, ಫೋನ್ ನಿಂತುಹೋಗುತ್ತದೆ. ಯುಪಿಐ ಸ್ಕ್ಯಾನ್ ಮಾಡಲು ಹೋಗಿ ಅಂಗಡಿ ಎದುರೇ ಫೋನ್ ಕೈಕೊಡುವುದಕ್ಕೆ ಇದೇ ಕಾರಣವಿರಬಹುದು. ಇದನ್ನು ತಪ್ಪಿಸಲೆಂದು ಆ್ಯಪಲ್ ಹಳೆಯ ಐಫೋನ್‌ಗಳ ವೇಗವನ್ನೇ ತಗ್ಗಿಸಿತ್ತು. 2017ರ ಡಿಸೆಂಬರ್‌ನಲ್ಲಿ ಅದನ್ನು ಒಪ್ಪಿಕೊಂಡು, ಬ್ಯಾಟರಿ ಬದಲಾವಣೆಯ ದರ ಇಳಿಸಿತು. ಬಳಕೆದಾರರಿಗೆ ಮೊದಲೇ ಹೇಳದಿದ್ದುದು ಸರಿಯಲ್ಲ. ಆದರೆ ಅಂಥ ಫೋನ್‌ಗಳು ಹೊಸ ಬ್ಯಾಟರಿ ಹಾಕಿದ ಮೇಲೆ ಮತ್ತೆ ಚುರುಕಾದವು. ಅಂಗಡಿಯವರು ‘ಫೋನೇ ಮುಗೀತು, ಹೊಸದು ತಗೊಳ್ಳಿ’ ಎಂದರೆ ಇದು ನೆನಪಿರಲಿ.

ಚಾರ್ಜ್ ಬೇಗ ಇಳಿಯುವುದೆಲ್ಲ ಬ್ಯಾಟರಿಯ ಮುಪ್ಪಲ್ಲ. ಮಲೆನಾಡಿನ ಕೆಲವು ಊರುಗಳಂತೆ ಸಿಗ್ನಲ್ ಕ್ಷೀಣವಿರುವಲ್ಲಿ ಫೋನ್ ಟವರ್ ಹುಡುಕುತ್ತಲೇ ಚಾರ್ಜ್ ಕಳೆದುಕೊಳ್ಳುತ್ತದೆ. ರಾತ್ರಿ ಏರೋಪ್ಲೇನ್ ಮೋಡ್‌ನಲ್ಲಿಟ್ಟು ಬೆಳಿಗ್ಗೆ ನೋಡಿ. ಹೆಚ್ಚು ಇಳಿದಿರದಿದ್ದರೆ ತಪ್ಪು ಸಿಗ್ನಲ್‌ನದೋ ಯಾವುದೋ ಆ್ಯಪ್‌ನದೋ ಇರಬಹುದು.

ಇಲ್ಲಿಯವರೆಗಿನ ಎಲ್ಲದಕ್ಕೂ ಮುಂದಿನ ಸಂಬಳದವರೆಗೆ ಕಾಯಬಹುದು. ಉಬ್ಬಿದ ಬ್ಯಾಟರಿಗೆ ಮಾತ್ರ ಒಂದು ದಿನವೂ ಕಾಯಬೇಡಿ. ಕೀಪ್ಯಾಡ್ ಫೋನ್‌ಗಳ ಕಾಲದಲ್ಲಿ ಬ್ಯಾಟರಿ ತೆಗೆದು ಮೇಜಿನ ಮೇಲೆ ಬುಗುರಿಯಂತೆ ತಿರುಗಿಸುತ್ತಿದ್ದರು. ಸಲೀಸಾಗಿ ತಿರುಗಿದರೆ ಉಬ್ಬಿದೆ ಎಂದರ್ಥ. ಈಗ ಬ್ಯಾಟರಿ ಕೈಗೆ ಸಿಗುವುದಿಲ್ಲವಾದ್ದರಿಂದ ಡಿಸ್‌ಪ್ಲೇ ಅಂಚು ಮೇಲೆದ್ದಿದೆಯೇ, ಹಿಂಬದಿ ಬಿಟ್ಟುಕೊಂಡಿದೆಯೇ ನೋಡಿ. ಒಳಗಿನ ರಾಸಾಯನಿಕ ಒಡೆದು ಅನಿಲ ತುಂಬಿರುತ್ತದೆ. ಯಾರು ಹೇಳಿದರೂ ಸೂಜಿ ಚುಚ್ಚಬೇಡಿ, ಒತ್ತಿ ಕೂರಿಸಬೇಡಿ, ಬೆಂಕಿ ಹತ್ತಬಹುದು. ಚಾರ್ಜ್ ನಿಲ್ಲಿಸಿ, ಆಫ್ ಮಾಡಿ, ಹಾಸಿಗೆ-ಸೋಫಾದಿಂದ ದೂರವಿಟ್ಟು ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ತೆಗೆದ ಬ್ಯಾಟರಿಯನ್ನು ಮನೆಗೆ ತಂದು ಕಸದ ಬುಟ್ಟಿಗೆ ಹಾಕದೆ ಅಲ್ಲೇ ಕೊಟ್ಟುಬನ್ನಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಮನೆಯ ಕಸದೊಂದಿಗೆ ಬೆರೆಸುವಂತಿಲ್ಲ.