ದಾರಿ ಇದ್ದಷ್ಟೇ ಗಾಲಿ

ಮಲೆನಾಡಿನ ಬೆಟ್ಟದ ದಾರಿಗಳಲ್ಲಿ ಓಡುವ ಜೀಪು ಮತ್ತು ಪಿಕಪ್‌ಗಳನ್ನು ಗಮನಿಸಿದವರಿಗೆ ಒಂದು ಸಂಗತಿ ತಾನಾಗಿಯೇ ತಿಳಿಯುತ್ತದೆ. ವಾಹನ ಅದೇ, ಎಂಜಿನ್ ಅದೇ. ಟೈರು ಮಾತ್ರ ವರ್ಷದಿಂದ ವರ್ಷಕ್ಕೆ ಉಬ್ಬುತ್ತಿದೆ. ‘ದೊಡ್ಡ ಟೈರು ಹಾಕಿದರೆ ಎಲ್ಲಿ ಬೇಕಾದರೂ ಹತ್ತಬಹುದು’ ಎಂಬ ಮಾತು ಪೇಟೆಯ ಗ್ಯಾರೇಜಿನಿಂದ ಹಳ್ಳಿಯ ಚಹಾದಂಗಡಿಯವರೆಗೆ ವೇದವಾಕ್ಯವಾಗಿದೆ. ಈ ವೇದವಾಕ್ಯ ಸುಳ್ಳು ಎಂಬುದೇ ಈ ಲೇಖನದ ವಾದ. ಅದು ವಾಹನದ ಮಟ್ಟಿಗೆ ಸುಳ್ಳು, ಚಾಲಕನ ಜೇಬಿನ ಮಟ್ಟಿಗೆ ಸುಳ್ಳು. ಬೆಟ್ಟದ ಮಟ್ಟಿಗಂತೂ ಅಪಾಯಕಾರಿಯಾದ ಸುಳ್ಳು.

ಪರಿಸರದ ಪತ್ರಿಕೆಯಲ್ಲಿ ಟೈರಿನ ಮಾತೇಕೆ ಎಂದು ಕೆಲವರು ಕೇಳಬಹುದು. ಕುದುರೆಮುಖದ ಗಣಿಗೆ ಒಂದು ಹೆಸರಿತ್ತು, ಒಂದು ಗೇಟಿತ್ತು. ಆದುದರಿಂದಲೇ ಅದರ ವಿರುದ್ಧ ಹೋರಾಡಲು ಸಾಧ್ಯವಾಯಿತು. ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಅದು ನಿಂತಿತು. ಆದರೆ ಹುಲ್ಲುಗಾವಲಿನ ಮೇಲೆ ವಾರಕ್ಕೊಮ್ಮೆ ಬೀಳುವ ನೂರಾರು ಗಾಲಿಗಳ ಗೆರೆಗೆ ಹೆಸರಿಲ್ಲ, ವಾರಸುದಾರರಿಲ್ಲ. ಹೆಸರಿಲ್ಲದ ಹಾನಿಯನ್ನು ತಡೆಯಬೇಕಾದರೆ ಮೊದಲು ಅದನ್ನು ಅಳೆಯಲು ಕಲಿಯಬೇಕು. ಅಳತೆಗೆ ಬೇಕಾದ ಅಂಕಿಗಳು ಟೈರಿನ ಪಕ್ಕೆಯ ಮೇಲೆಯೇ ಅಚ್ಚಾಗಿವೆ.

ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುವ ಬೊಲೆರೊ ಜೀಪಿನ ಟೈರನ್ನೇ ನೋಡೋಣ. ಅದರ ಮೇಲೆ 215/75 ಆರ್ 15 ಎಂದು ಬರೆದಿರುತ್ತದೆ. 215 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 75 ಎಂದರೆ ಪಕ್ಕೆಯ ಎತ್ತರವು ಆ ಅಗಲದ ನೂರಕ್ಕೆ 75 ಪಾಲು, ಅಂದರೆ ಸುಮಾರು 161 ಮಿ.ಮೀ. ‘ಆರ್’ ಎಂಬುದು ರೇಡಿಯಲ್ ರಚನೆಯ ಗುರುತು. 15 ಎಂಬುದು ಒಳಗಿನ ರಿಮ್ಮಿನ ವ್ಯಾಸ, ಇಂಚುಗಳಲ್ಲಿ. ಅದು 381 ಮಿ.ಮೀ. ರಿಮ್ಮಿನ ಮೇಲೊಂದು ಕೆಳಗೊಂದು ಪಕ್ಕೆ ಸೇರಿಸಿದರೆ ಇಡೀ ಗಾಲಿಯ ವ್ಯಾಸ ಸುಮಾರು 703 ಮಿ.ಮೀ. ಆಯಿತು. ಏಳನೆಯ ತರಗತಿಯ ವಿದ್ಯಾರ್ಥಿಯೂ ಮಾಡಬಲ್ಲ ಲೆಕ್ಕವಿದು.

ಈಗ ಇದೇ ವಾಹನಕ್ಕೆ 31 ಇಂಚು ವ್ಯಾಸ, ಹತ್ತೂವರೆ ಇಂಚು ಅಗಲದ ಟೈರು ಹಾಕಿದರೆಂದು ಭಾವಿಸಿ. ವ್ಯಾಸ 787 ಮಿ.ಮೀ. ಆಗುತ್ತದೆ, ಅಂದರೆ 84 ಮಿ.ಮೀ. ಹೆಚ್ಚು. ಆದರೆ ವಾಹನದ ಹೊಟ್ಟೆ ನೆಲದಿಂದ ಅಷ್ಟು ಮೇಲೇಳುವುದಿಲ್ಲ. ಅಚ್ಚು ಗಾಲಿಯ ನಡುವೆ ಇರುವುದರಿಂದ ದೊರೆಯುವುದು ಅದರ ಅರ್ಧ, 42 ಮಿ.ಮೀ. ಮಾತ್ರ. ಇಷ್ಟಕ್ಕಾಗಿ ತೆರುವ ಬೆಲೆಯನ್ನೂ ನೋಡಬೇಕು. ಗಾಲಿ ನೂರಕ್ಕೆ 12ರಷ್ಟು ದೊಡ್ಡದಾದಾಗ ನೆಲವನ್ನು ತಳ್ಳುವ ಎಳೆತದ ಬಲ ನೂರಕ್ಕೆ ಸುಮಾರು 11ರಷ್ಟು ಕುಗ್ಗುತ್ತದೆ. ಏರು ಹತ್ತಲೆಂದು ಹಾಕಿದ ಟೈರು ಏರು ಹತ್ತುವ ಶಕ್ತಿಯನ್ನೇ ಕಸಿದುಕೊಳ್ಳುತ್ತದೆ. ಬ್ರೇಕಿನ ಹಿಡಿತವೂ ಅಷ್ಟೇ ಪ್ರಮಾಣದಲ್ಲಿ ತಗ್ಗುತ್ತದೆ. ಅದರ ಮೇಲೆ ಗಾಲಿಯ ತೂಕ ಹೆಚ್ಚಿರುವುದರಿಂದ ಅದನ್ನು ನಿಲ್ಲಿಸುವುದು ಇನ್ನೂ ಕಷ್ಟ. ಮೀಟರು 60 ಕಿ.ಮೀ. ವೇಗ ತೋರಿಸುವಾಗ ವಾಹನ 67ರಲ್ಲಿ ಓಡುತ್ತಿರುತ್ತದೆ. ಚಾರ್ಮಾಡಿಯಂತಹ ಘಾಟಿಯ ಇಳಿಜಾರಿನಲ್ಲಿ, ಮಂಜು ಕವಿದ ತಿರುವಿನಲ್ಲಿ, ಈ ವ್ಯತ್ಯಾಸವೆಂದರೆ ಎದುರು ಬರುವ ಬಸ್ಸಿನ ಮಕ್ಕಳ ಜೀವದ ಪ್ರಶ್ನೆ. ಬೇರಿಂಗು, ಕ್ಲಚ್ಚು, ಸ್ಟೀರಿಂಗಿನ ಕೊಂಡಿಗಳು ಬೇಗ ಸವೆಯುವುದು, ಡೀಸೆಲ್ ಹೆಚ್ಚು ಕುಡಿಯುವುದು ಇವೆಲ್ಲ ಚಾಲಕನ ಪಾಲಿಗೆ ಬಿಟ್ಟ ಸಾಲ.

ಇನ್ನು ಅಗಲದ ಮಾತು. ಅಗಲವಾದ ಟೈರು ಕೆಸರಿನಲ್ಲಿ ಹೂತುಹೋಗುವುದಿಲ್ಲ ಎನ್ನುತ್ತಾರೆ. ಮರುಭೂಮಿಯ ಮರಳಿನಲ್ಲಿ ಇದು ಸರಿ. ಆದರೆ ನಮ್ಮ ದಾರಿಗಳ ಸ್ವಭಾವವೇ ಬೇರೆ. ಮಳೆಗಾಲದಲ್ಲಿ ಇಲ್ಲಿ ಮೇಲೆ ನಾಲ್ಕು ಬೆರಳು ಜಾರು ಕೆಸರು, ಕೆಳಗೆ ಗಟ್ಟಿ ಜಂಬಿಟ್ಟಿಗೆ. ಅಗಲ ಟೈರು ಆ ಕೆಸರಿನ ಮೇಲೆ ತೇಲಿ ಜಾರುತ್ತದೆ. ಕಿರಿದಾದ ಟೈರು ಕೆಸರನ್ನು ಸೀಳಿ ಗಟ್ಟಿ ನೆಲವನ್ನು ಹಿಡಿಯುತ್ತದೆ. ನಮ್ಮ ಹಿರಿಯರ ಎತ್ತಿನಗಾಡಿಯ ಚಕ್ರ ಎತ್ತರವಾಗಿಯೂ ಕಿರಿದಾಗಿಯೂ ಇದ್ದುದು ಬಡತನದಿಂದಲ್ಲ, ಅನುಭವದಿಂದ. ಎರಡನೆಯ ಮಹಾಯುದ್ಧದಲ್ಲಿ ಜಗತ್ತಿನ ಎಲ್ಲ ಬಗೆಯ ನೆಲವನ್ನೂ ತುಳಿದ ವಿಲ್ಲೀಸ್ ಜೀಪಿನ ಟೈರು 6.00-16 ಗಾತ್ರದ್ದು: ಅಗಲ ಕೇವಲ 6 ಇಂಚು. ಅದೇ ವಂಶದ ಹಳೆಯ ಮಹೀಂದ್ರ ಜೀಪುಗಳೇ ನಮ್ಮ ಎಸ್ಟೇಟುಗಳ ಕಾಫಿ ಮೂಟೆ ಹೊತ್ತವು, ಗರ್ಭಿಣಿಯರನ್ನು ಆಸ್ಪತ್ರೆಗೆ ಮುಟ್ಟಿಸಿದವು. ಅಂದು ಹತ್ತಿದ ಬೆಟ್ಟವನ್ನು ಇಂದು ಹತ್ತಲು ಹತ್ತೂವರೆ ಇಂಚು ಅಗಲ ಏಕೆ ಬೇಕು?

ನಿಜವಾದ ಉಪಾಯ ಟೈರಿನ ಗಾತ್ರದಲ್ಲಿಲ್ಲ, ಅದರೊಳಗಿನ ಗಾಳಿಯಲ್ಲಿದೆ. ಒಂದು ಗಾಲಿಯ ಮೇಲೆ 400 ಕಿಲೋ ಭಾರವಿದೆ ಎನ್ನೋಣ. ಗಾಳಿ 32 ಪೌಂಡ್ ಇದ್ದರೆ ಟೈರು ನೆಲವನ್ನು ಮುಟ್ಟುವ ಜಾಗ ಸ್ಥೂಲವಾಗಿ 178 ಚದರ ಸೆಂ.ಮೀ. ಗಾಳಿಯನ್ನು 16 ಪೌಂಡಿಗೆ ಇಳಿಸಿದರೆ ಅದು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಗಾಳಿ ಇಳಿಸದೆ ಅಗಲ ಟೈರು ಹಾಕಿದರೆ ಮುಟ್ಟುವ ಜಾಗದ ಆಕಾರ ಬದಲಾಗುತ್ತದೆಯೇ ಹೊರತು ವಿಸ್ತಾರ ಅಷ್ಟಾಗಿ ಹೆಚ್ಚುವುದಿಲ್ಲ. ಸಾವಿರಾರು ರೂಪಾಯಿ ಸುರಿದು ಪಡೆಯಲಾಗದ ಹಿಡಿತವನ್ನು ಒಂದು ಕವಾಟದ ಮೊಳೆ ಒತ್ತಿ ಪಡೆಯಬಹುದು. ಆದರೆ ಎಚ್ಚರ: ಗಾಳಿ ಇಳಿಸಿದ ಟೈರಿನಲ್ಲಿ ನಿಧಾನವಾಗಿ ಮಾತ್ರ ಸಾಗಬೇಕು, ತುಂಬಿದ ಭಾರ ಹೊರಿಸಬಾರದು, ಡಾಂಬರು ರಸ್ತೆ ಸೇರಿದೊಡನೆ ಮತ್ತೆ ಗಾಳಿ ತುಂಬಿಸಲೇಬೇಕು. ಇಲ್ಲವಾದರೆ ಪಕ್ಕೆ ಕಾದು ಒಡೆಯುತ್ತದೆ.

ಇಲ್ಲಿಯವರೆಗೆ ಹೇಳಿದ್ದು ದಾರಿಯ ಮಾತು. ದಾರಿಯೇ ಅಲ್ಲದ ಕಡೆ ಯಾವ ಟೈರು ಸರಿ? ಬಾಬಾಬುಡನ್‌ಗಿರಿಯ ಸಾಲಿನಲ್ಲಿ, ಕುದುರೆಮುಖದ ಸುತ್ತಿನಲ್ಲಿ, ಕೊಡಗಿನ ಮಾಂದಲಪಟ್ಟಿಯ ಕಡೆ ಇರುವ ಹುಲ್ಲುಗಾವಲು ‘ಖಾಲಿ ಜಾಗ’ವಲ್ಲ. ಹುಲ್ಲಿನ ಬೇರು ಮತ್ತು ಶೋಲಾ ಕಾಡು ಸೇರಿ ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯ ಹಳ್ಳಗಳಿಗೆ ಬಿಡುತ್ತವೆ. ತುಂಗೆ ಭದ್ರೆಯರು ಹುಟ್ಟುವ ಗಂಗಾಮೂಲವೂ ಇಂತಹ ನೆಲದಲ್ಲಿಯೇ ಇದೆ. ಇಳಿಜಾರಿನಲ್ಲಿ ಸುತ್ತುವ ಗಾಲಿ ಮೊದಲು ಹುಲ್ಲನ್ನು ಸುಲಿಯುತ್ತದೆ. ಎರಡನೆಯ ಗಾಲಿ ಮಣ್ಣನ್ನು ಒತ್ತಿ ಗಟ್ಟಿಯಾಗಿಸುತ್ತದೆ. ನೀರು ಇಂಗುವುದು ನಿಲ್ಲುತ್ತದೆ. ಮೊದಲ ಮಳೆಗೆ ಆ ಗೆರೆ ಕಾಲುವೆಯಾಗುತ್ತದೆ, ಕೆಲವು ಮಳೆಗಾಲ ಕಳೆದರೆ ಕೊರಕಲಾಗುತ್ತದೆ. ಕೊರಕಲಾದ ದಾರಿಯನ್ನು ಬಿಟ್ಟು ಮುಂದಿನ ಜೀಪು ಪಕ್ಕದ ಹುಲ್ಲಿನ ಮೇಲೆ ಹೋಗುತ್ತದೆ. ಅಲ್ಲಿಗೆ ಹೊಸ ಗೆರೆ. ಒಂದು ದಾರಿ ಹೀಗೆ ನಾಲ್ಕಾಗುತ್ತದೆ.

ಕಿರಿದಾದ ಟೈರು ಇಲ್ಲಿ ಆಳವಾಗಿ ಕೊರೆಯುತ್ತದೆ. ಅಗಲ ಟೈರು ಆಳ ಕಡಿಮೆ ಮಾಡಿದರೂ ಹೆಚ್ಚು ಹುಲ್ಲನ್ನು ತುಳಿಯುತ್ತದೆ, ಮತ್ತು ಅದಕ್ಕಿಂತ ಮುಖ್ಯವಾಗಿ, ಹಿಂದೆ ಯಾವ ಜೀಪೂ ಹೋಗದಿದ್ದ ಕಡೆಗೆ ಹೋಗುವ ಧೈರ್ಯವನ್ನು ಚಾಲಕನಿಗೆ ಕೊಡುತ್ತದೆ. ಆದ್ದರಿಂದ ಹುಲ್ಲುಗಾವಲಿಗೆ ಸರಿಯಾದ ಟೈರಿನ ಗಾತ್ರ ಒಂದೇ: ಸೊನ್ನೆ. ಅಲ್ಲಿಗೆ ಕಾಲುಗಳು ಸಾಕು. 2018ರಲ್ಲಿ ಕೊಡಗು, 2019ರಲ್ಲಿ ಮೂಡಿಗೆರೆ ಸೀಮೆ ಕಂಡ ಭೂಕುಸಿತಗಳಿಗೆ ಜೀಪುಗಳೇ ಕಾರಣವೆಂದು ನಾವು ಹೇಳುತ್ತಿಲ್ಲ. ಅಂತಹ ಅತಿಮಾತಿನಿಂದ ಯಾರಿಗೂ ಪ್ರಯೋಜನವಿಲ್ಲ. ಆದರೆ ಇಳಿಜಾರಿನ ಮಣ್ಣು ಎಷ್ಟು ಸಡಿಲವೆಂಬುದನ್ನು ಆ ಎರಡು ಮಳೆಗಾಲಗಳು ಕಲಿಸಿದ ಮೇಲೂ ಅದರ ಮೇಲೆ ಗಾಲಿ ಸುತ್ತಿಸುವುದನ್ನು ಸಾಹಸವೆಂದು ಕರೆಯುವುದು ಹೇಗೆ?

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು ಪೇಟೆಯ ಹವ್ಯಾಸಿಗಳದು: ‘ನಮ್ಮ ವಾಹನ, ನಮ್ಮ ಹಣ.’ ವಾಹನ ಅವರದಿರಬಹುದು, ನಿಯಮ ಅವರದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಎತ್ತಿಹಿಡಿದಿದೆ. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಿಗಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅನುಮತಿಯಿಲ್ಲದೆ ಪ್ರವೇಶವೇ ಇಲ್ಲ.

ಎರಡನೆಯ ಆಕ್ಷೇಪ ನಮ್ಮವರದೇ, ಆದುದರಿಂದ ಹೆಚ್ಚು ಗೌರವದಿಂದ ಉತ್ತರಿಸಬೇಕಾದುದು. ಪ್ರವಾಸಿಗರನ್ನು ಬೆಟ್ಟಕ್ಕೆ ಕರೆದೊಯ್ದು ಬದುಕುವ ಹಳ್ಳಿಯ ಯುವಕರು ಹೇಳುತ್ತಾರೆ: ‘ದೊಡ್ಡ ಟೈರಿಲ್ಲದ ಜೀಪನ್ನು ಪ್ರವಾಸಿಗರು ಹತ್ತುವುದಿಲ್ಲ, ನಮ್ಮ ಅನ್ನ ಹೋಗುತ್ತದೆ.’ ಸೋದರರೇ, ಲೆಕ್ಕ ಹಾಕಿ ನೋಡಿ. ಟೈರಿಗೆ ಸಾಲ, ಹೆಚ್ಚಿನ ಡೀಸೆಲ್, ವರ್ಷಕ್ಕೊಮ್ಮೆ ಬೇರಿಂಗು; ಅಪಘಾತವಾದರೆ ಮಾರ್ಪಾಡಿನ ನೆಪದಲ್ಲಿ ವಿಮಾ ಕಂಪನಿಯ ತಕರಾರು. ಇಷ್ಟನ್ನೆಲ್ಲ ಹೊತ್ತು ನೀವು ಮಾರುತ್ತಿರುವುದು ಬೆಟ್ಟದ ಹಸಿರನ್ನೇ. ಹುಲ್ಲು ಹೋಗಿ ಕೆಂಪು ಕೊರಕಲು ಉಳಿದ ದಿನ ಪ್ರವಾಸಿ ಬೇರೆ ಬೆಟ್ಟಕ್ಕೆ ಹೋಗುತ್ತಾನೆ; ನೀವು ಎಲ್ಲಿಗೆ ಹೋಗುತ್ತೀರಿ? ಊರಿನ ಎಲ್ಲ ಜೀಪಿನವರೂ ಒಂದೇ ನಿಯಮಕ್ಕೆ ಒಪ್ಪಿದರೆ ‘ಪಕ್ಕದವನ ಟೈರು ದೊಡ್ಡದು’ ಎಂಬ ಪೈಪೋಟಿಯೇ ಇರುವುದಿಲ್ಲ.

ಆದುದರಿಂದ ಓದುಗರಲ್ಲಿ ನಮ್ಮ ವಿನಂತಿ ಇಷ್ಟು. ಟೈರು ಕೊಳ್ಳುವ ಮುನ್ನ ಚಾಲಕನ ಬಾಗಿಲ ಚೌಕಟ್ಟಿನ ಬಳಿಯ ಚೀಟಿಯನ್ನೋ ವಾಹನದ ಕೈಪಿಡಿಯನ್ನೋ ನೋಡಿ, ಅಲ್ಲಿರುವ ಗಾತ್ರವನ್ನೇ ಕೊಳ್ಳಿರಿ. ಗಾತ್ರದ ಪಕ್ಕದಲ್ಲಿರುವ ಭಾರದ ಸೂಚಿಯನ್ನೂ ನೋಡಿ. 100 ಎಂದಿದ್ದರೆ ಆ ಟೈರು ಹೊರಬಲ್ಲದ್ದು 800 ಕಿಲೋ. ನಾಲ್ಕು ಗಾಲಿಗೂ ಎಳೆತವಿರುವ ಜೀಪಿಗೆ ಹಿಂದೆ ಮಾತ್ರ ದೊಡ್ಡ ಟೈರು ಹಾಕಬೇಡಿ. ಮುಂದಿನ ಹಿಂದಿನ ಅಚ್ಚುಗಳು ಒಂದನ್ನೊಂದು ಜಗ್ಗಿ ಗೇರುಪೆಟ್ಟಿಗೆ ಮುರಿಯುತ್ತದೆ. ಹಳೆಯ ಟೈರು ಕೊಳ್ಳುವವರು ಪಕ್ಕೆಯ ಮೇಲಿನ ನಾಲ್ಕು ಅಂಕಿಗಳನ್ನು ಓದಿರಿ. 2319 ಎಂದರೆ 2019ರ 23ನೆಯ ವಾರದಲ್ಲಿ ತಯಾರಾದುದು. ಕೆಸರಿನ ದಿನಗಳಿಗೆ ಗಾತ್ರ ಹೆಚ್ಚಿಸದೆ ಅದೇ ಗಾತ್ರದಲ್ಲಿ ಆಳವಾದ ಗೀರುಗಳಿರುವ ಟೈರನ್ನು ಆರಿಸಿರಿ.

ವಿದ್ಯಾರ್ಥಿ ಮಿತ್ರರಿಗೆ ಇನ್ನೊಂದು ಕೆಲಸವಿದೆ. ನಿಮ್ಮೂರ ಬೆಟ್ಟದ ಗಾಲಿಗೆರೆಗಳ ಅಗಲ, ಆಳ, ಉದ್ದವನ್ನು ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಟೇಪು ಹಿಡಿದು ಅಳೆದು ದಿನಾಂಕ ಸಹಿತ ಬರೆದಿಡಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಅಳತೆಯ ಪುಸ್ತಕವನ್ನು ಅದರ ಮುಂದೆ, ಗ್ರಾಮಸಭೆಯ ಮುಂದೆ ಇಡಿ. ಜೀಪುಗಳು ಎಲ್ಲಿಯವರೆಗೆ ಹೋಗಬಹುದು, ಎಲ್ಲಿಂದ ನಡೆದೇ ಹೋಗಬೇಕು ಎಂಬ ಗೆರೆಯನ್ನು ಊರೇ ಎಳೆಯಲಿ. ಆಕ್ರೋಶಕ್ಕೆ ಉತ್ತರ ಕೊಡದೆ ತಪ್ಪಿಸಿಕೊಳ್ಳುವ ಅಧಿಕಾರಿಯೂ ಅಳತೆಗೆ ಉತ್ತರ ಕೊಡಲೇಬೇಕಾಗುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ದಾರಿ ಇದ್ದಷ್ಟೇ ಗಾಲಿ ಹಾಕು ಎಂಬುದು ಅದರ ಇಂದಿನ ಅರ್ಥ. ವಾಹನವು ಬೆಟ್ಟಕ್ಕೆ ಹೊಂದಿಕೊಳ್ಳಬೇಕೇ ಹೊರತು ಬೆಟ್ಟವು ವಾಹನಕ್ಕಲ್ಲ.